ಜಲಜಳ ನೇರಳೆ ಕಲ್ಲು

ಹೆಮ್ಮಾಡಿಯ ಜಲಜಳಿಗೆ ಕೂತಲ್ಲಿ ಕೂರುವುದು ಎಂದೂ ಬಂದದ್ದಲ್ಲ. ಗಂಡ ರಾಜೀವ ಕಾಮಾಲೆಯಲ್ಲಿ ತೀರಿಹೋದ ಮೇಲಂತೂ ಸೇವಂತಿಗೆ ಗದ್ದೆ, ಮನೆ, ಕುಂದಾಪುರದ ಬಸ್ಸು ಎಂದು ಓಡಾಡುತ್ತಲೇ ಇದ್ದಳು. ಪೇಟೆಗೆ ಹೂ ಹಾಕಿ ಬಂದು ಊಟಕ್ಕೆ ಕೂತರೆ ಅರ್ಧದಲ್ಲೇ ಏನೋ ನೆನಪಾಗಿ ಅಂಗಳಕ್ಕಿಳಿಯುವಳು. ಮಾತಾಡುವಾಗ ಬೆರಳುಗಳು ತಾವಾಗಿಯೇ ಕೊರಳಿಗೆ ಹೋಗುತ್ತಿದ್ದವು. ಅಲ್ಲಿ ಕರಿಮಣಿ ಸಿಗದೆ ಸೆರಗು ಹಿಡಿಯುತ್ತಿದ್ದವು.

2006ರಲ್ಲಿ, ಹೂವಿನ ಕಾಲ ಮುಗಿಯುತ್ತ ಬಂದಾಗ, ಕುಂದಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದವಳ ಕಣ್ಣಿಗೆ ಪದ್ದು ಆಚಾರಿಯ ಚಿನ್ನಬೆಳ್ಳಿ ಅಂಗಡಿಯ ಗಾಜಿನೊಳಗಿಂದ ನೇರಳೆ ಬಣ್ಣದ ಕಲ್ಲೊಂದು ಕಂಡಿತು. ಬಸ್ಸು ಬಂತು, ಹೋಯಿತು. ಜಲಜ ಅಂಗಡಿಯ ಮೆಟ್ಟಿಲು ಹತ್ತಿದಳು.

“ಇದ್ ಎಂತ ಕಲ್ಲ್, ಆಚಾರ್ರೆ?”

“ಅಮೆಥಿಸ್ಟ್ ಅಂಬ್ರ್, ಜಲಜಕ್ಕ. ಯಾರಿಗ್?”

“ನಂಗೆ.”

ಆಚಾರಿ ತುಸು ತಡೆದು, ಬಿಳಿ ಕಾಗದದ ಮೇಲೆ ಐದಾರು ಕಲ್ಲು ಸುರಿದ. ಜಲಜ ಒಂದೊಂದನ್ನೇ ಬಾಗಿಲ ಬೆಳಕಿಗೆ ಹಿಡಿದಳು. ಒಂದು ಒಗೆದೊಗೆದು ಮಾಸಿದ ಬಟ್ಟೆಯಂತೆ ತೆಳುವಾಗಿತ್ತು. ಇನ್ನೊಂದು ತೀರಾ ಕಪ್ಪು. ಮೂರನೆಯದನ್ನು ಹೇಗೆ ತಿರುಗಿಸಿದರೂ ಬಣ್ಣ ಅಂಚಿನವರೆಗೆ ತುಂಬಿಕೊಂಡಿತ್ತು.

“ಇದ್ನ ಬೆಳ್ಳಿಯಲ್ಲ್ ಪದಕ ಕಟ್ಟಿ ಕೊಡಿ. ಚಿನ್ನ ಆರೆ ಊರಿಗೆಲ್ಲ ಕಾಂತ್.”

ಪದಕ ತೆಗೆದುಕೊಳ್ಳಲು ಬಂದ ದಿನ ಆಚಾರಿ ಹೇಳಿದ: “ಎಣ್ಣಿ, ಪೌಡರ್ ಎಲ್ಲ ಆದ್ಮೇಲೆ ಹಾಕಣಿ. ಸಾಬೂನ್ ನೀರಲ್ಲ್ ತೊಳ್ದ್ ಮೆತ್ತಗಿನ ಬಟ್ಟೆಯಲ್ಲ್ ಒರ್ಸಿರೆ ಸಾಕ್. ಬಿಸ್ಲಲ್ಲ್ ಮಾತ್ರ ಇಡುಕಾಗ.”

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಕೊನೆಯ ಮಾತು ಕಿವಿಗೆ ಬೀಳುವ ಮೊದಲೇ ಜಲಜ ರಸ್ತೆಗಿಳಿದಿದ್ದಳು.

ಪದಕವನ್ನು ಬೆಳ್ಳಿ ಸರಕ್ಕೆ ಪೋಣಿಸಿ ರವಿಕೆಯೊಳಗೆ ಹಾಕಿಕೊಂಡಳು. ಮನೆಯಲ್ಲಿದ್ದದ್ದು ಅವಳು ಮತ್ತು ಅತ್ತೆ ಸುಂದರಿ, ಇಬ್ಬರೇ. ಸುಂದರಿ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ಅಂದಿನಿಂದ ಕೊರಳಿಗೆ ಒಂದೆಳೆಯನ್ನೂ ಹಾಕಿದವಳಲ್ಲ. ಅವಳೆದುರು ಸರ ಹೊರಗೆ ಬಿಡುವ ಧೈರ್ಯ ಜಲಜಳಿಗೆ ಬರಲಿಲ್ಲ. ಗದ್ದೆಯಲ್ಲಿ ಬಗ್ಗಿದರೆ ಜಾರಿ ಬಿದ್ದೀತೆಂಬ ಭಯ, ಬೆವರಿಗೆ ಕೊರಳೆಲ್ಲ ತುರಿಕೆ. ಕಡೆಗೆ, ಗದ್ದೆಗಿಳಿಯುವ ಮೊದಲು ಅದನ್ನು ತೊಳೆದು, ಅಡುಗೆಮನೆಯ ಕಿಟಕಿಯಲ್ಲಿ ಎಣ್ಣೆ ಬಾಟಲಿಯ ಹಿಂದೆ ಇಟ್ಟು ಹೋಗತೊಡಗಿದಳು. ಹೋದಲ್ಲಿಯೂ ಸಮಾಧಾನವಿಲ್ಲ, ಕಳೆ ಕೀಳುತ್ತಿದ್ದವಳು ನಡುವೆ ಎದ್ದು ಮನೆಗೆ ಬಂದು, ಅಲ್ಲೇ ಇದೆಯೆಂದು ನೋಡಿ ಮರಳುವಳು. ಆ ಕಿಟಕಿಗೆ ಮಧ್ಯಾಹ್ನವಿಡೀ ಬಿಸಿಲು ಬೀಳುತ್ತಿತ್ತು. ಬೇಸಿಗೆ ಪೂರ್ತಿ ಹೀಗೇ ನಡೆಯಿತು.

ಮಳೆಗೆ ಮುಂಚೆ ವಂಡ್ಸೆಯಲ್ಲಿ ನೆಂಟರ ಮದುವೆಯಿತ್ತು. ಹಿಂದಿನ ದಿನ ಜಲಜ ಪದಕವನ್ನು ಅಂಗಳದ ಬೆಳಕಿಗೆ ಹಿಡಿದಳು. ಕಲ್ಲಿನ ಬಣ್ಣ ಅರ್ಧಕ್ಕರ್ಧ ಇಳಿದಿತ್ತು. ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು. ಗಂಡ ಸತ್ತವಳು ಅಲಂಕಾರ ಬಯಸಿದ್ದಕ್ಕೇ ಹೀಗಾಯಿತೇನೋ ಎಂಬ ಯೋಚನೆ ಹೊಕ್ಕು, ಒಳಗೂ ಹೊರಗೂ ಸುತ್ತತೊಡಗಿದಳು.

“ಎಂತ ಹುಡ್ಕ್ತೆ ಹೆಣೆ?” ಜಗಲಿಯಲ್ಲಿದ್ದ ಸುಂದರಿ ಕೇಳಿದಳು.

“ಎಂತ ಇಲ್ಲೆ ಅತ್ತಿ.”

“ಅದ್ ಬಿಸ್ಲಿಗೆ ಬೆಳ್ಚಿದ್ದ್. ನಾನ್ ದಿನಾ ಕಾಣ್ತಿದ್ದೆ.”

ಜಲಜ ನಿಂತಲ್ಲೇ ನಿಂತಳು. “ಕಂಡವ್ರ್ ಹೇಳುಕಾಗ್ದಾ?”

“ಹೇಳಿರೆ ನೀ ಎಲ್ಲಾದ್ರೂ ಅಡ್ಗ್ಸಿ ಇಡ್ತಿದ್ದೆ.” ಸುಂದರಿ ಗದ್ದೆಯ ಕಡೆ ಮುಖ ತಿರುಗಿಸಿದಳು. “ಒಂದ್ ದಿನ ನೀ ಅದ್ನ ಬಿಟ್ಟ್ ಪ್ಯಾಟಿಗೆ ಹೋದಾಗ ನಾನೂ ಹಾಕಂಡ್ ಕಂಡಿದ್ದೆ. ನೆರಳಿಗ್ ತಂದ್ ಸುಮಾರ್ ಹೊತ್ತ್ ಆದ್ಮೇಲೆ ಕೊರಳಿಗೆ ತಣ್ಣಗೇ ಇದ್ದಿತ್.”

ಜಲಜಳಿಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದನ್ನೂ ತೋರಿಸಲಾಗದೆ ಒಳಗೆ ಹೋಗಿ ಒಲೆಯ ಮೇಲೇನೂ ಇಲ್ಲದಿದ್ದರೂ ಬೆಂಕಿ ಊದಿದಳು.

ಮರುದಿನ ಮದುವೆಗೆ ಹೊರಟಾಗ ಅವಳು ಪದಕವನ್ನು ತಂದು, ಕೇಳದೆ, ಅತ್ತೆಯ ಕೊರಳಿಗೆ ಹಾಕಿದಳು. ಸುಂದರಿ ತಡೆಯಲಿಲ್ಲ. ಎರಡು ಬೆರಳಲ್ಲಿ ಕಲ್ಲನ್ನು ಹಿಡಿದುಕೊಂಡೇ ಹೆದ್ದಾರಿಯವರೆಗೆ ನಡೆದಳು. ಬಸ್ಸು ಕಾಣಿಸಿದ್ದೇ ಅವಸರದಲ್ಲಿ ಕೊಂಡಿ ಬಿಚ್ಚಿದಳು.

“ನಂಗ್ ಆತ್ತಿಲ್ಲೆ ಮಾರಾಯ್ತಿ. ಇಷ್ಟ್ ವರ್ಷ ಆಯ್ತಲೆ. ನೀನೇ ಹಾಕೊ, ಹೊರ್ಗೇ ಹಾಕೊ.”

ಜಲಜ ಸೆರಗಿನ ಮೇಲೆ ಬೀಳುವಂತೆ ಸರ ಹಾಕಿಕೊಂಡಳು. ಬಸ್ಸಿನಲ್ಲಿ ನೆರೆಮನೆಯ ವನಜ ಕೊರಳನ್ನೇ ನೋಡಿದಳು.

“ಹೊಸ್ತಾ ಜಲಜ?”

“ಬಣ್ಣ ಹೋಯ್ತ್. ಆರೂ ಹಾಕಂಡೆ,” ಎಂದಳು ಜಲಜ. ಅತ್ತೆಯ ಪಕ್ಕದಲ್ಲಿ ಜಾಗವಿತ್ತು. ಆದರೂ ಅವಳಿಗೆ ಕೂರಲಾಗಲಿಲ್ಲ. ವಂಡ್ಸೆಯವರೆಗೂ ಕಂಬಿ ಹಿಡಿದು ನಿಂತೇ ಹೋದಳು.