ದೊಡ್ಡ ಮ್ಯಾಥ್ಸ್ ಸಾರಿನ ಅನುಮಾನ

ಅವರಿಗೆ ನಾಚಿಕೆಯಾದರೆ ಮೊದಲು ಕೆಂಪಾಗುತ್ತಿದ್ದದ್ದು ಕಿವಿ, ಮುಖ ಆಮೇಲೆ. ಅಗಲವಾದ, ಅಂಚಿನಲ್ಲಿ ಬಿಳಿ ಕೂದಲು ಬೆಳೆದ ಕಿವಿಗಳು. ಬೋರ್ಡಿನ ಕಡೆ ತಿರುಗಿ ಲೆಕ್ಕ ಮಾಡುವಾಗ ಎಲ್ಲೋ ಒಂದು ಮೈನಸ್ ಬಿಟ್ಟುಹೋಗಿ, ಅದು ಅವರ ಗಮನಕ್ಕೆ ಬಂದರೆ, ಹಿಂದೆ ಕೂತ ಮಕ್ಕಳಿಗೆ ಆ ಕಿವಿ ನೋಡಿಯೇ ಗೊತ್ತಾಗುತ್ತಿತ್ತು. ಅವರು ಇತ್ತ ತಿರುಗಿ, “ತಪ್ಪಾಯ್ತು ಕಣ್ರಪ್ಪಾ, ಒರೆಸ್ಬುಡ್ತೀನಿ” ಅನ್ನುತ್ತಿದ್ದರು. ಇಷ್ಟು ಸಣ್ಣದಕ್ಕೆ ಇಷ್ಟು ಸಂಕೋಚಪಡುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಹೊಳೆನರಸೀಪುರದ ಖಾಸಗಿ ಪಿಯು ಕಾಲೇಜೊಂದರಲ್ಲಿ ಅವರು ಗಣಿತದ ಹಿರಿಯ ಉಪನ್ಯಾಸಕರು. ನಾನು ಆ ವರ್ಷವಷ್ಟೇ ಗುತ್ತಿಗೆಯ ಮೇಲೆ ಸೇರಿದವಳು. ದಿನಾ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಮಕ್ಕಳ ಬಾಯಲ್ಲಿ ಅವರು ದೊಡ್ಡ ಮ್ಯಾಥ್ಸ್ ಸಾರ್, ನಾನು ಚಿಕ್ಕ ಮ್ಯಾಥ್ಸ್ ಮಿಸ್. ದ್ವಿತೀಯ ಪಿಯುವಿನ ಎ ಸೆಕ್ಷನ್, ಅಂದರೆ ಹೆಚ್ಚು ಅಂಕ ತೆಗೆಯುವ ಮಕ್ಕಳ ಸೆಕ್ಷನ್, ಅವರದು. ಬಿ ಸೆಕ್ಷನ್ ನನ್ನದು. ಅವರಿಗೆ ಬೇಸಿಗೆ ಬಂದರೆ ನಿವೃತ್ತಿ. ನನಗೆ, ಬೇಸಿಗೆ ಕಳೆದ ಮೇಲೆ ಮತ್ತೆ ಕರೆಯುತ್ತಾರೋ ಇಲ್ಲವೋ ಅನ್ನುವ ದಿಗಿಲು.

ಅವರು ಅರಕಲಗೂಡು ಕಡೆಯ ಒಕ್ಕಲು ಮನೆಯವರು. ಮಧ್ಯಾಹ್ನದ ಬುತ್ತಿಗೆ ಮುದ್ದೆಯನ್ನೇ ತರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಚಪಾತಿ ಬಿಚ್ಚಿದರೆ ಇವರು ಒಂದು ಮೂಲೆಯಲ್ಲಿ ಕೂತು ನಿಧಾನವಾಗಿ ಮುದ್ದೆ ನುಂಗುವರು. ಅನುಕಲನ, ಅಂದರೆ ಇಂಟಿಗ್ರೇಷನ್, ಮಾಡಿ ಮುಗಿಸಿದ ಮಕ್ಕಳು ಕೊನೆಯಲ್ಲಿ ಸ್ಥಿರಾಂಕದ ‘ಪ್ಲಸ್ ಸಿ’ ಬರೆಯದಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. “ಸಿ ಆಕ್ದೇ ಎದ್ರೆ ಉಂಡಿದ್ ಎಲೆ ಎತ್ತದೆ ಎದ್ದಂಗೆ ಕಣ್ಲಾ!” ಅನ್ನುವರು. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಬದಲು, “ನಿಂಗೇನ್ ಅನ್ಸುತ್ತೆ?” ಎಂದು ಸುಮ್ಮನೆ ಅವರ ಮುಖ ನೋಡುತ್ತಾ ನಿಂತುಬಿಡುವರು. ಆ ಮೌನ ತಾಳ್ಮೆಯದು ಎಂದು ಅವರು ನಂಬಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಅವರೆಕಾಯಿ ಕಾಲ. ನನ್ನ ಸೆಕ್ಷನ್ನಿನಲ್ಲಿ ಅವಕಲ ಸಮೀಕರಣಗಳ ಪಾಠ ಶುರುವಾಗಿತ್ತು. ಅದರಲ್ಲಿ ಸುಲಭವಾದದ್ದು ಚರಾಕ್ಷರಗಳನ್ನು ಬೇರ್ಪಡಿಸುವ ವಿಧಾನ. ವೈ ಇರುವುದನ್ನೆಲ್ಲ ಡಿವೈ ಜೊತೆ ಎಡಕ್ಕೆ, ಎಕ್ಸ್ ಇರುವುದನ್ನೆಲ್ಲ ಡಿಎಕ್ಸ್ ಜೊತೆ ಬಲಕ್ಕೆ ತಂದು, ಎರಡೂ ಕಡೆ ಅನುಕಲನ ಮಾಡಿದರೆ ಉತ್ತರ. ಮೂರು ಲೆಕ್ಕ ಮಾಡಿ ತೋರಿಸಿದೆ. ಮಕ್ಕಳು ಬರೆದುಕೊಂಡರು. ಕಿಟಕಿ ಪಕ್ಕದ ಒಬ್ಬ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

“ಮಿಸ್, ಡಿವೈ ಬೈ ಡಿಎಕ್ಸ್ ಅನ್ನೋದು ಭಾಗಾಕಾರ ಅಲ್ಲ, ಎಲ್ಲಾ ಸೇರಿ ಒಂದೇ ಚಿಹ್ನೆ ಅಂತ ನೀವೇ ಹೇಳಿದ್ರಿ. ಇವಾಗ ಡಿಎಕ್ಸ್ ಒಂದನ್ನೇ ಕಿತ್ತು ಆ ಕಡೆಗೆ ಹೆಂಗ್ ಆಕ್ತೀರ?”

ನಾನು ಬೋರ್ಡಿನ ಕಡೆ ತಿರುಗಿ ಆ ಸಾಲನ್ನೇ ಇನ್ನೊಮ್ಮೆ ಓದಿದೆ. ಎಂಎಸ್ಸಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದೆ. ಈ ಜಾತಿಯ ಲೆಕ್ಕಗಳನ್ನು ಎಣಿಸಲಾಗದಷ್ಟು ಮಾಡಿದ್ದೆ. ಯಾಕೆ ಹಾಗೆ ಮಾಡಬಹುದು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನನ್ನು ನಾನೂ ಕೇಳಿಕೊಂಡಿರಲಿಲ್ಲ.

“ಎಕ್ಸಾಮಿಗೆ ಇಷ್ಟು ಸಾಕು. ಕೂತ್ಕೋ” ಅಂದೆ. ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಕೂತಳು.

ಬೆಲ್ಲಾದ ಮೇಲೆ ಸ್ಟಾಫ್ ರೂಮಿನಲ್ಲಿ ಫೋನು ತೆಗೆದು ಹುಡುಕಿದೆ. ವಿಡಿಯೋಗಳಲ್ಲಿ ಎಲ್ಲರೂ ನನ್ನ ಹಾಗೆಯೇ ಡಿಎಕ್ಸ್ ಎತ್ತಿ ಆಚೆ ಹಾಕುತ್ತಿದ್ದರು. ಒಂದು ಕಡೆ ಉದ್ದದ ವಿವರಣೆ ಇತ್ತು. ಎರಡು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಕೊನೆಗೆ ದೊಡ್ಡ ಸಾರಿನ ಮೇಜಿನ ಬಳಿ ಹೋಗಿ, ಸುಮ್ಮನೆ ಮಾತಿಗೆ ಕೇಳುವವಳ ಹಾಗೆ ಕೇಳಿದೆ. ಅವರು ಎಂದಿನಂತೆ, “ನಿಂಗೇನ್ ಅನ್ಸುತ್ತೆ?” ಅನ್ನಲಿಲ್ಲ. ಕಾಗದ ತೆಗೆದುಕೊಂಡು ಒಂದು ಸಮೀಕರಣ ಬರೆದರು, ಡಿಎಕ್ಸ್ ಕೆಳಗೆ ಗೆರೆ ಎಳೆದರು, ಅಲ್ಲೇ ನಿಂತರು. ಕಿವಿ ಕೆಂಪಾಗತೊಡಗಿತು.

“ನಂಗೂ ಗೊತ್ತಿಲ್ಲ ಕಣಮ್ಮ” ಅಂದರು. ಕಾಗದ ಮಡಿಚುತ್ತಾ, “ಇಷ್ಟ್ ವರ್ಷದಿಂದ ಕಿತ್ತು ಕಿತ್ತು ಆಕ್ತಾನೇ ಇದೀನಿ” ಎಂದರು.

ಫೋನಿನಲ್ಲಿದ್ದ ವಿವರಣೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ ವಾಪಸು ಕೊಟ್ಟರು. “ಇದುಕ್ಕೆ ಎದುರು ಪ್ರಶ್ನೆ ಕೇಳಕ್ಕಾಗಲ್ವಲ್ಲ. ಆಸನದಲ್ಲಿ ನನ್ನ ಹಳೇ ಶಿಷ್ಯ ಒಬ್ಬವ್ನೆ, ಇಂಜಿನಿಯರಿಂಗ್ ಕಾಲೇಜಲ್ಲಿ ಮ್ಯಾಥ್ಸ್ ಹೇಳ್ತಾನೆ. ಭಾನುವಾರ ಓಗ್ಬುಟ್ಟು ಬರಾಣ. ನೀನೂ ಬಾ.”

ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಒಂದು ಚೀಲ ಸೊಗಡಿನ ಅವರೆಕಾಯಿ ಹಿಡಿದುಕೊಂಡು ನಿಂತಿದ್ದರು. ಮದುವೆಗೆ ಹೋಗುವವರಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ನನ್ನನ್ನು ಕೂರಿಸಿ, ದಾರಿಯುದ್ದಕ್ಕೂ ಆ ಶಿಷ್ಯ ಚಿಕ್ಕಂದಿನಲ್ಲಿ ಎಷ್ಟು ಚುರುಕಾಗಿದ್ದ ಎಂದು ಹೇಳುತ್ತಲೇ ಇದ್ದರು.

ಹಾಸನದ ವಿದ್ಯಾನಗರದ ಆ ಮನೆಯಲ್ಲಿ ಶಿಷ್ಯ ಓಡಿಬಂದು ಕಾಲಿಗೆ ಬಿದ್ದರು. ಅವರಿಗೂ ಆಗಲೇ ತಲೆ ನೆರೆತಿತ್ತು. ಕಾಫಿ ಬಂತು. “ಯಾರಿಗಾದ್ರೂ ಸೀಟ್ ಬೇಕಿತ್ತಾ ಸಾರ್?” ಎಂದು ಅವರಾಗಿಯೇ ಕೇಳಿದರು. ಹಳೆಯ ಮೇಷ್ಟ್ರುಗಳು ಮನೆಗೆ ಬರುವುದು ಅದಕ್ಕೇ ಇರಬೇಕು.

“ಸೀಟಲ್ಲ ಕಣಪ್ಪ. ಒಂದ್ ಅನುಮಾನ. ನಂಗೇ ಗೊತ್ತಿಲ್ಲ, ಕೇಳ್ಕೊಂಡ್ ಓಗಕ್ ಬಂದೆ” ಎಂದರು ದೊಡ್ಡ ಸಾರ್. ಹೇಳುವಾಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನಾನು ನೆಲ ನೋಡುತ್ತಾ ಕೂತೆ.

ಶಿಷ್ಯ ಪ್ರಶ್ನೆ ಕೇಳಿ ಗಂಭೀರವಾದರು. ಒಂದು ಹಾಳೆ ತಂದು ಸಾರಿನ ಪಕ್ಕದಲ್ಲೇ ಕೂತು ಬರೆದು ತೋರಿಸಿದರು. “ಕೀಳೋದೇ ಇಲ್ಲ ಸಾರ್. ಮೊದ್ಲು ವೈ ಇರೋದನ್ನೆಲ್ಲ ಡಿವೈ ಬೈ ಡಿಎಕ್ಸ್ ಇರೋ ಕಡೆಗೆ ತನ್ನಿ. ಡಿವೈ ಬೈ ಡಿಎಕ್ಸ್ ಒಂದೇ ಚಿಹ್ನೆಯಾಗೇ ಇರಲಿ. ಆಮೇಲೆ ಎರಡೂ ಕಡೆ ಎಕ್ಸ್ ಮೇಲೇನೇ ಇಂಟಿಗ್ರೇಟ್ ಮಾಡಿ. ಎಡಗಡೆ ಚೈನ್ ರೂಲು ಹಿಂದುಮುಂದಾಗಿ ಕೆಲಸ ಮಾಡ್ತದೆ, ಅದು ತಾನೇ ವೈ ಮೇಲಿನ ಇಂಟಿಗ್ರಲ್ ಆಗೋಗ್ತದೆ. ಡಿಎಕ್ಸ್ ಆ ಕಡೆ ಹೋಯ್ತು ಅಂತ ನಾವು ಬರೆಯೋದು ಈ ಕೆಲಸಕ್ಕೆ ಒಂದು ಅಡ್ಡದಾರಿ, ಅಷ್ಟೆ.”

“ಓಹೋ” ಎಂದರು ದೊಡ್ಡ ಸಾರ್. ಎಷ್ಟು ಖುಷಿಯಾಯಿತೆಂದರೆ ಹಾಳೆಯನ್ನು ನನ್ನ ಕಡೆ ತಳ್ಳಿ, “ನೋಡಮ್ಮ, ಕಿತ್ತಂಗೆ ಕಾಣ್ತದೆ, ಕಿತ್ತಿಲ್ಲ!” ಎಂದು ನಕ್ಕರು.

ಆಗ ಆ ಶಿಷ್ಯ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಒಂದು ಮಾತು ಹೇಳಿದರು. “ಪಿಯುಸಿಲಿ ನಂಗೂ ಇದೇ ಅನುಮಾನ ಬಂದಿತ್ತು ಸಾರ್. ನಿಮ್ಮನ್ನ ಕೇಳೋಣ ಅಂದ್ಕೊಂಡೆ. ನೀವು ಸುಮ್ನೆ ಮುಖ ನೋಡ್ತಾ ನಿಂತ್ಕೊಳ್ತಿದ್ರಲ್ಲ, ಹೆದರಿಕೆ ಆಗ್ತಿತ್ತು.”

ವಾಪಸು ಬರುವಾಗ ಗಾಡಿಯಲ್ಲಿ ದೊಡ್ಡ ಸಾರ್ ಖಾಲಿ ಚೀಲವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. “ನಂಗೆ ಎದುರ್ತಿದ್ರಂತೆ ಕಣಮ್ಮ” ಅಂದರು. “ಅವ್ನೇ ಎದ್ರಿದ್ರೆ ಇನ್ ಉಳಿದೋರ್ ಗತಿ ಏನು?”

ನನ್ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. “ಸಾರ್, ಇದನ್ನ ಕೇಳಿದ್ದು ನನ್ನ ಕ್ಲಾಸಲ್ಲಿ ಕಿಟಕಿ ಪಕ್ಕ ಕೂರೋ ಹುಡುಗಿ, ನಾಳೆ ನಾನು ಹೇಳ್ಕೊಡ್ತೀನಿ. ಆದ್ರೆ ನಮಗೆ ಗೊತ್ತಿರ್ಲಿಲ್ಲ, ಹಾಸನಕ್ಕೆ ಹೋಗಿ ಕೇಳ್ಕೊಂಡ್ ಬಂದ್ವಿ ಅಂತ ಯಾರಿಗೂ ಹೇಳೋದು ಬೇಡ. ನನ್ನ ಕೆಲಸ ಇನ್ನೂ ಗ್ಯಾರಂಟಿ ಇಲ್ಲ” ಅಂದೆ. ಅವರು ನನ್ನ ಮುಖ ನೋಡಿದರು. “ನಿನ್ ವಿಷಯ ಯೋಳಲ್ಲ ಬುಡು” ಅಂದರು.

ಸೋಮವಾರ ನನ್ನ ಕ್ಲಾಸಿನ ಬಾಗಿಲಿಗೆ ಬಂದು, “ಐದ್ ನಿಮಿಷ ಬರ್ಲಾ ಮಿಸ್?” ಎಂದು ಕೇಳಿ ಒಳಗೆ ಬಂದರು. ಕಿಟಕಿ ಪಕ್ಕದ ಹುಡುಗಿಯನ್ನು ಹುಡುಕಿ ಅವಳ ಕಡೆ ನೋಡಿ ಹೇಳಿದರು: “ನೀನ್ ಕೇಳಿದ ಪ್ರಶ್ನೆಗೆ ನಂಗೆ ಉತ್ತರ ಗೊತ್ತಿರ್ಲಿಲ್ಲ ಮಗ. ಇಷ್ಟ್ ವರ್ಷ ಗೊತ್ತಿಲ್ದೇನೇ ಪಾಠ ಮಾಡಿದೀನಿ. ನಿಮ್ ಮಿಸ್ಸೇ ನನ್ನ ಆಸನಕ್ಕೆ ಕರ್ಕೊಂಡ್ ಓಗಿ, ತಿಳಿದೋರ ಅತ್ರ ಕೂರಿಸಿ ಕಲಿಸಿದ್ರು. ಇವಾಗ ಅವ್ರೇ ನಿಮ್ಗೆ ಯೋಳ್ತಾರೆ. ಇನ್ ಮುಂದೆ ಯಾರ್‌ಗೇ ಅನುಮಾನ ಬಂದ್ರೂ ಕೇಳಿ. ನನ್ ಮುಖ ನೋಡಿ ಎದುರ್ಕೋಬ್ಯಾಡಿ.”

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಆ ಹುಡುಗಿ ನನ್ನನ್ನು ನೋಡಿ ನಕ್ಕಳು. ಅವಳನ್ನು ಕೂರಿಸಿದ್ದಕ್ಕೂ ನಾನೇ ಏನೋ ಒಳ್ಳೆಯ ಕಾರಣ ಇಟ್ಟುಕೊಂಡಿದ್ದೆ ಅನ್ನುವ ಹಾಗೆ. ಇಲ್ಲ, ಅದು ಹಾಗಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ನಾನು ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದೆ. ಸಾರ್ ಹೊರಟುಹೋದರು.

ಊರು ಚಿಕ್ಕದು. ಆ ಮಾತು ಮನೆಮನೆಗೆ ಹೋಯಿತು. ಹೋಗುತ್ತಾ ಹೋಗುತ್ತಾ, ದೊಡ್ಡ ಮ್ಯಾಥ್ಸ್ ಸಾರಿಗೆ ಲೆಕ್ಕವೇ ಬರುವುದಿಲ್ಲವಂತೆ ಎಂದಾಯಿತು. ಪೋಷಕರ ಸಭೆಯ ದಿನ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ತಂದೆ ಎದ್ದು ನಿಂತರು.

“ಎ ಸೆಕ್ಷನ್ನಿಗೆ ನನ್ ಮಗನ್ನ ಸೇರ್ಸಿರೋದು ಸಿಇಟಿ ಬರೀಲಿ ಅಂತ. ನಂಗೇ ಗೊತ್ತಿಲ್ಲ ಅಂತ ಮಕ್ಕಳ ಮುಂದೆ ಯೋಳೋ ಮೇಷ್ಟ್ರನ್ನ ಇಟ್ಕೊಂಡಿದೀರಲ್ಲ, ಏನ್ ಸ್ವಾಮಿ ಇದು?”

ದೊಡ್ಡ ಸಾರ್ ಗೋಡೆಗೊರಗಿ ನಿಂತಿದ್ದರು. “ಗೊತ್ತಿರ್ಲಿಲ್ಲ, ನಿಜ. ಇವಾಗ ಗೊತ್ತು” ಅಂದರು. ಸಭೆಯಲ್ಲಿ ಕೆಲವರು ನಕ್ಕರು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ, ಎದ್ದು ನಿಲ್ಲಬಹುದಿತ್ತು.

ಮರುದಿನ ಪ್ರಿನ್ಸಿಪಾಲರು ಕರೆಸಿದರು. “ಎ ಸೆಕ್ಷನ್ ನೀವು ತಗೊಳ್ಳಿ ಮೇಡಂ. ಅವರು ಫಸ್ಟ್ ಇಯರ್ ನೋಡ್ಕೊಳ್ಲಿ. ಹಿರಿಯರನ್ನೇ ಕರ್ಕೊಂಡ್ ಹೋಗಿ ಕಲಿಸ್ಕೊಂಡ್ ಬಂದ್ರಂತಲ್ಲ, ಭೇಷ್. ಮುಂದಿನ ವರ್ಷಾನೂ ನೀವು ಇರ್ತೀರಿ.”

“ಆಗ್ಲಿ ಸಾರ್” ಅಂದೆ. ಇವತ್ತಿಗೂ ನನ್ನ ಕಿವಿಗೆ ಕೇಳಿಸುವುದು ಆ ಎರಡು ಪದವೇ. ಎಷ್ಟು ವಿನಯದಿಂದ ಅಂದಿದ್ದೆ!

ದೊಡ್ಡ ಸಾರ್ ಕೋಪಿಸಿಕೊಳ್ಳಲಿಲ್ಲ. ಅವತ್ತೇ ಸಂಜೆ ಕಾಲೇಜು ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು ಎ ಸೆಕ್ಷನ್ನಿನ ಒಬ್ಬೊಬ್ಬ ಮಗುವಿನ ವಿಷಯ ಹೇಳಿದರು. ಇವನು ಅವಸರ ಮಾಡ್ತಾನೆ, ಇವಳು ಬೋರ್ಡಿಗೆ ಕರೆದರೆ ಅತ್ತುಬಿಡ್ತಾಳೆ, ಜಾಗದಲ್ಲೇ ಕೇಳು. ಆ ಅಂಗಡಿಯವರ ಮಗನಿಗೆ ಬುದ್ಧಿ ಇದೆ, ಗೇಲಿ ಮಾಡಿದರೆ ಮುದುಡಿಕೊಳ್ತಾನೆ, ಉಷಾರು. ನಾನು ಏನೋ ಹೇಳಲು ಹೋದೆ. “ಯಾರಾದ್ರೂ ಮಾಡ್ಲೇಬೇಕಲ್ಲಮ್ಮ. ನೀನ್ ಮಾಡಿದ್ರೆ ನಂಗ್ ನೆಮ್ಮದಿ” ಎಂದು ಚೀಲ ಹೆಗಲಿಗೆ ಹಾಕಿಕೊಂಡರು. ಆಮೇಲೆ ಪರೀಕ್ಷೆ ಬರುವವರೆಗೂ, ನಾನು ಎ ಸೆಕ್ಷನ್ನಿಗೆ ಹೋಗುವ ಹೊತ್ತಿಗೆ ಅವರು ಅದೇ ಪಡಸಾಲೆಯಲ್ಲಿ ಎದುರಿಗೆ ಬರುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅವರೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಬೇಸಿಗೆಯಲ್ಲಿ ಹಾರ, ಶಾಲು ಹಾಕಿಸಿಕೊಂಡು, ಎಲ್ಲರಿಗೂ ಕೈಮುಗಿದು ಹೋದರು.

ಎರಡು ವರ್ಷದ ಮೇಲೆ ಅವರಿಗೆ ಹುಷಾರಿಲ್ಲ ಎಂದು ಕೇಳಿದೆ. ಹಾಸನದ ಆಸ್ಪತ್ರೆಯಿಂದ ಬಂದು ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಹೋದೆ. ಅವರು ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು, ತೀರಾ ಇಳಿದುಹೋಗಿದ್ದರು. ನನ್ನನ್ನು ಕಂಡವರೇ, “ಒಳ್ಳೇ ಟೈಮಿಗೆ ಬಂದೆ ಕಣಮ್ಮ, ಒಂದ್ ಅನುಮಾನ ಐತೆ” ಅಂದರು.

“ಹೇಳಿ ಸಾರ್.”

“ಡಿವೈ ಬೈ ಡಿಎಕ್ಸ್ ಈಕ್ವಲ್ಸ್ ಎಕ್ಸ್ ವೈ ಸ್ಕ್ವೇರ್ ಅಂತ ಇಟ್ಕೋ. ಬೇರ್ಪಡಿಸಕ್ಕೆ ವೈ ಸ್ಕ್ವೇರಿಂದ ಭಾಗಿಸ್ತೀವಿ. ಆ ವೈಯೇ ಸೊನ್ನೆ ಆಗಿದ್ರೆ? ಸೊನ್ನೆಯಿಂದ ಭಾಗಿಸ್ದಂಗಾಯ್ತಲ್ಲ? ಮಲ್ಕೊಂಡೋನ್ಗೆ ನಿನ್ನೆ ಒಳೀತು.”

ಇದು ನನಗೆ ಗೊತ್ತಿತ್ತು. ಆ ಹಾಸನದ ಪ್ರಯಾಣದ ನಂತರ ಹೆದರಿ ಹೆದರಿ ಎಲ್ಲವನ್ನೂ ಬುಡದಿಂದ ಓದಿಕೊಂಡಿದ್ದೆ. “ವೈ ಯಾವಾಗ್ಲೂ ಸೊನ್ನೆ ಅನ್ನೋದೂ ಒಂದು ಉತ್ತರಾನೇ ಸಾರ್. ಎಡಗಡೇನೂ ಸೊನ್ನೆ, ಬಲಗಡೇನೂ ಸೊನ್ನೆ. ಭಾಗಿಸೋಕೆ ಮುಂಚೆ ಅದನ್ನ ಬೇರೆ ಬರೆದಿಟ್ಕೋಬೇಕು. ಆಮೇಲೆ ಯಾವ ಸಿ ಹಾಕಿದ್ರೂ ಅದು ಸಿಗಲ್ಲ.”

ಅವರು ಮೇಲೆ ನೋಡುತ್ತಾ ಮನಸ್ಸಿನಲ್ಲೇ ಲೆಕ್ಕ ಮಾಡಿ ನೋಡಿದರು. “ಔದಲ್ವಾ!” ಅಂದರು. ಆಮೇಲೆ, “ಅಯ್ಯೋ, ಒಂದ್ ಉತ್ತರಾನೇ ಬುಟ್ಟು ಬುಟ್ಟು ಬಂದಿದೀನಲ್ಲಮ್ಮ. ಎಷ್ಟ್ ಬ್ಯಾಚ್ ಓಗ್ಬುಟ್ವು. ನೀನಾದ್ರೂ ಬಿಡದೆ ಯೋಳು” ಅಂದರು.

“ಸಾರ್, ಆ ಎ ಸೆಕ್ಷನ್ ವಿಷಯ…” ಎಂದು ಶುರು ಮಾಡಿದೆ.

“ಆಂ, ಕೇಳ್ಬೇಕು ಅಂತಿದ್ದೆ. ಆ ಸಲ ಮಕ್ಕಳು ಎಂಗ್ ಬರೆದ್ರು? ಆ ಅಂಗಡಿಯವ್ರ ಹುಡ್ಗ?”

ಚೆನ್ನಾಗಿ ಬರೆದ ಸಾರ್, ಸೀಟು ಸಿಕ್ತು ಅಂದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಮಗಳು ಮಾತ್ರೆ ತಂದರು. ನಾನು ಎದ್ದು ಬಂದೆ. ಕೆಲವೇ ದಿನಗಳಲ್ಲಿ ಅವರು ಹೋಗಿಬಿಟ್ಟರು.

ಹನ್ನೊಂದನೇ ದಿನದ ತಿಥಿಗೆ ಅರಕಲಗೂಡು ಹತ್ತಿರದ ಅವರ ಊರಿಗೆ ಹೋದೆ. ಪಂಕ್ತಿಯಲ್ಲಿ ಕೂತಿದ್ದಾಗ ಅವರ ಮಗಳು ಪಾಯಸ ಬಡಿಸುತ್ತಾ ಬಂದು ನನ್ನ ಎಲೆಯ ಮುಂದೆ ನಿಂತರು. ಪಕ್ಕದಲ್ಲಿದ್ದ ನೆಂಟರಿಗೆಲ್ಲ ಕೇಳುವ ಹಾಗೆ, “ಇವರೇ ನೋಡಿ, ಅಪ್ಪನ್ನ ಹಾಸನಕ್ಕೆ ಕರ್ಕೊಂಡ್ ಹೋಗಿ ಪಾಠ ಹೇಳ್ಸಿದ್ದು. ಕೊನೇವರ್ಗೂ ಹೇಳ್ಕೊಂಡ್ ಖುಷಿ ಪಡ್ತಿದ್ರು” ಅಂದರು.

“ಇಲ್ಲ ಅಕ್ಕಾ” ಅಂದೆ. “ನಾನಲ್ಲ. ನನಗೂ ಗೊತ್ತಿರ್ಲಿಲ್ಲ. ಕರ್ಕೊಂಡ್ ಹೋಗಿದ್ದು ಅವರು. ಕ್ಲಾಸಲ್ಲಿ ಅವರು ನನ್ನನ್ನ ಉಳಿಸೋಕೆ ಹಾಗೆ ಹೇಳಿದ್ರು, ನಾನು ಸುಮ್ನಿದ್ದೆ.”

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. “ಎಷ್ಟ್ ದೊಡ್ಡ ಮನ್ಸು ನಿಮ್ದು” ಅಂದರು. ಸೌಟು ತುಂಬಾ ಪಾಯಸ ಎತ್ತಿ, ಬೇಡವೆಂದು ಅಡ್ಡ ಹಿಡಿದ ನನ್ನ ಕೈಯನ್ನು ಸರಿಸಿ, ಎಲೆಗೆ ಬಡಿಸಿ ಮುಂದಕ್ಕೆ ಹೋದರು.