ಮೊದಲು ತೋಳು, ಆಮೇಲೆ ಬೆಸುಗೆ

ನಮ್ಮ ದೊಡ್ಡಮ್ಮ ಮಾಟ ಮಂತ್ರಕ್ಕೆ ಇಳಿದಿದ್ದಾಳೆ ಎಂದು ನಾನು ಪೂರ್ತಿ ಒಂದು ಮಧ್ಯಾಹ್ನ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಪರವಾಗಿರಲಿಲ್ಲ, ಅಮ್ಮನಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ.

ಕೆಲಸ ಸಿಕ್ಕಿ, ಅವಳ ಮನೆಯ ಹಿಂದಿನ ಬೀದಿಯಲ್ಲಿ ರೂಮು ಹಿಡಿದ ಹೊಸದು. ಶನಿವಾರ ಮಾತಾಡಿಸಿಕೊಂಡು ಬರೋಣವೆಂದು ಹೋದರೆ ಮೆಟ್ಟಿಲ ಮೇಲೆ ಐದಾರು ಗಂಡಸರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ತೊಡೆಯ ಮೇಲೂ ಟವೆಲಿನಲ್ಲಿ ಸುತ್ತಿದ ಗಂಟು. ಹಸುಗೂಸಿಗೆ ಜ್ವರ ಬಂದ ಅಪ್ಪಂದಿರಂಥ ಮುಖ. ಕಿಟಕಿಯಿಂದ ಹೊಗೆ ಬರುತ್ತಿತ್ತು, ಹೊಗೆಯ ಹಿಂದೆ ದೊಡ್ಡಮ್ಮನ ದನಿ: “ಅಲ್ಲಾಡಿಸ್ಬೇಡ. ಹತ್ತು ಎಣಿಸೋವರೆಗೂ ಉಸಿರು ಬಿಡ್ಬೇಡ. ಈಗ ಎಳಿ. ಇನ್ನೂ ಜೋರಾಗಿ ಎಳಿ!”

ನಾನು ಒಳಗೆ ಕಾಲಿಡದೆ ಹಿಂದಿರುಗಿದೆ. ಸುದ್ದಿ ಕೇಳಿ ಅಮ್ಮ ಅತ್ತಳು, ಅಪ್ಪನನ್ನು ಬೈದಳು (ಅಪ್ಪನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ), ಕೊನೆಗೆ ತನ್ನ ಅಕ್ಕನಿಗೇ, ಅಂದರೆ ದೊಡ್ಡಮ್ಮನಿಗೇ, ಫೋನ್ ಮಾಡಿ ಕೇಳಿದಳು. ಸಂಜೆ ದೊಡ್ಡಮ್ಮ ನನ್ನ ರೂಮಿನ ಬಾಗಿಲು ಬಡಿದು, “ಎಲ್ಲೋ ಇದೀಯ ಪೆದ್ದ? ಬಾ, ನಿನಗೆ ಹಿಡಿದಿರೋ ದೆವ್ವ ಬಿಡಿಸ್ತೀನಿ” ಎಂದಳು.

ಆ ಗಂಟುಗಳಲ್ಲಿದ್ದದ್ದು ರಿಮೋಟಿನಿಂದ ಓಡುವ ಕಾರುಗಳು. ಆಟದ ಕಾರು ಎಂದರೆ ಅವರಿಗೆಲ್ಲ ಕೋಪ ಬರುತ್ತದೆ. ಒಬ್ಬ ಹಲ್ಲಿನ ಡಾಕ್ಟರು. ಇನ್ನೊಬ್ಬ ವಾರವಿಡೀ ಬಸ್ಸು ಓಡಿಸಿ, ಭಾನುವಾರ ಮೈದಾನಕ್ಕೆ ಬಂದು ಮೊಳದುದ್ದದ ಕಾರನ್ನು ಓಡಿಸುವವನು. ಈ ಪುಟ್ಟ ಕಾರುಗಳು ಮಿಂಚಿನ ಹಾಗೆ ಓಡಬೇಕಾದರೆ ಬ್ಯಾಟರಿಯಿಂದ ಹೊಳೆಯ ಹಾಗೆ ಕರೆಂಟು ಹರಿಯಬೇಕು. ಅದಕ್ಕೆ ತಂತಿ ಕಿರುಬೆರಳಿನಷ್ಟು ದಪ್ಪ. ಆ ತಂತಿಯನ್ನು ಹಳದಿ ಕನೆಕ್ಟರಿಗೆ ಬೆಸೆಯುವುದು ದೊಡ್ಡಮ್ಮನ ಕೆಲಸ. ಇಪ್ಪತ್ತೆರಡು ವರ್ಷ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು. ಕಾರ್ಖಾನೆ ಮುಚ್ಚಿತು, ಅವಳ ಕೈ ಮುಚ್ಚಲಿಲ್ಲ.

ಅವಳ ಮೇಜಿನ ಮೇಲೆ ಸೌಟಿನಷ್ಟು ದಪ್ಪನೆಯ ಸೋಲ್ಡರಿಂಗ್ ಐರನ್, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ತೂತು ಕೊರೆದ ಮರದ ತುಂಡು. ಕೆಂಪು ತಂತಿ, ಕಪ್ಪು ತಂತಿ ಎರಡನ್ನೂ ಒಟ್ಟಿಗೆ ಕತ್ತರಿಸಲು ಬಿಡುವುದಿಲ್ಲ. ಒಂದನ್ನು ಬೆಸೆಯುವಾಗ ಇನ್ನೊಂದಕ್ಕೆ ಟೇಪು ಸುತ್ತಿರಬೇಕು. “ಇವೆರಡೂ ನಿಮ್ಮ ಅಪ್ಪ ಅಮ್ಮ ಇದ್ದ ಹಾಗೆ ಕಣೋ. ಒಬ್ಬರ ಹತ್ರ ಮಾತಾಡೋವಾಗ ಇನ್ನೊಬ್ಬರ ಬಾಯಿಗೆ ಟೇಪ್ ಹಾಕಿರ್ಬೇಕು. ಇಲ್ಲಾಂದ್ರೆ ಕಿಡಿ.”

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ತೋಳಿನದು. ತೋಳು ಅಂದರೆ ಬಿಸಿಗೆ ಕುಗ್ಗುವ ಒಂದು ಸಣ್ಣ ರಬ್ಬರ್ ಕೊಳವೆ. ಬೆಸೆದ ಜಾಗವನ್ನು ಮುಚ್ಚಲಿಕ್ಕೆ. ಬೆಸೆಯುವ ಮೊದಲೇ ಅದನ್ನು ತಂತಿಗೆ ತೊಡಿಸಿಟ್ಟಿರಬೇಕು, ಆಮೇಲೆ ದಾರಿಯಿಲ್ಲ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಮರೆಯುತ್ತಾರೆ. ಹಾಗಾಗಿ ಐರನ್ ಎತ್ತುವ ಮೊದಲು ದೊಡ್ಡಮ್ಮ ಸಾಲಿನ ಕಡೆ ತಿರುಗಿ “ತೋಳು ಹಾಕಿದ್ಯಾ?” ಎಂದು ಕೂಗುತ್ತಾಳೆ. ಮೆಟ್ಟಿಲ ಮೇಲಿನವರೆಲ್ಲ ಶಾಲೆಯ ಮಕ್ಕಳ ಹಾಗೆ “ಹಾಕಿದೆ!” ಎನ್ನಬೇಕು. ಕೊನೆಗೆ ಕಾರಿನವನೇ ತಂತಿಯನ್ನು ಜಗ್ಗಿ ನೋಡಬೇಕು. ಕಿತ್ತು ಬಂದರೆ ಬೆಸುಗೆ ಸುಳ್ಳು.

ಇಷ್ಟೆಲ್ಲ ಕಣ್ಣಾರೆ ಕಂಡವನು ನಾನು. ಕಂಡಿದ್ದೇ ಕಲಿತಂತೆ ಎಂದುಕೊಂಡವನೂ ನಾನೇ.

ನನಗೆ ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ಆರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ. ಅಷ್ಟರಲ್ಲಿ ನನ್ನ ಸಾಧನೆಯೆಂದರೆ ಯಾರದೋ ಮದುವೆಯ ಕೋಟನ್ನು ದನದಾಸ್ಪತ್ರೆಗೆ ಕಳಿಸಿದ್ದು. ಕಾಯಂ ಆಗದಿದ್ದರೆ ರೂಮು ಬಿಡಿಸಿ ನನ್ನನ್ನು ದೊಡ್ಡಮ್ಮನ ಮನೆಯಲ್ಲಿ ಇಡುವುದೆಂದು ಅಮ್ಮ ಆಗಲೇ ತೀರ್ಮಾನಿಸಿದ್ದಳು. ದೊಡ್ಡಮ್ಮ ಅದಕ್ಕೆ “ಹೂಂ” ಎಂದಿದ್ದಳು. ಆ ಹೂಂನಲ್ಲಿ ಸಂತೋಷವೇನೂ ಕೇಳಿಸಲಿಲ್ಲ.

ಸೋಮವಾರ ಕಾಯಂ ಪತ್ರಕ್ಕೆ ಸಹಿಯಾಗಬೇಕಿತ್ತು. ಶುಕ್ರವಾರ ಮ್ಯಾನೇಜರ್ ಕೋಣೆಗೆ ಹೋದವನು ಅವರ ಮೇಜಿನ ಮೇಲೆ ಅಂಥದ್ದೇ ಒಂದು ಕಾರನ್ನೂ, ಪಕ್ಕದಲ್ಲಿ ಕನೆಕ್ಟರ್ ಕಿತ್ತುಹೋದ ಬ್ಯಾಟರಿಯನ್ನೂ ನೋಡಿದೆ. ಆರು ತಿಂಗಳಲ್ಲಿ ನನ್ನೊಡನೆ ಆರು ಮಾತೂ ಆಡದ ಮನುಷ್ಯ. ನನ್ನ ನಾಲಿಗೆ ತಡೆಯಲಿಲ್ಲ.

“ಸಾರ್, ಬೆಸುಗೆ ಕೆಲಸ ನಮ್ಮ ಮನೆತನದಲ್ಲೇ ಇದೆ. ನಾನೇ ಹಾಕ್ತೀನಿ.”

ಅವರು ಕನ್ನಡಕದ ಮೇಲಿಂದ ನೋಡಿ, ಬ್ಯಾಟರಿಯನ್ನೂ ಹೊಸ ಕನೆಕ್ಟರನ್ನೂ ಕೈಗಿಟ್ಟರು. “ಭಾನುವಾರ ರೇಸಿದೆ. ನೋಡ್ಕೊಂಡು ಮಾಡು.”

ನನ್ನ ಹತ್ತಿರ ಇದ್ದದ್ದು ಪೆನ್ಸಿಲಿನಂಥ ಪುಟ್ಟ ಐರನ್. ಆ ಸಂಜೆ ಅದನ್ನು ಕಾಯಿಸಿ ತಂತಿಗೆ ಹಿಡಿದೆ. ದಪ್ಪ ತಂತಿ ಕಾವನ್ನೆಲ್ಲ ನುಂಗಿ ನೇರ ನನ್ನ ಬೆರಳಿಗೆ ತಲುಪಿಸಿತು. ಬೆಸುಗೆಯ ಸೀಸ ಮಾತ್ರ ಕರಗಲೊಲ್ಲದು. ಬೊಬ್ಬೆ ಎದ್ದ ಬೆರಳನ್ನು ಬಾಯಿಗಿಟ್ಟುಕೊಂಡೇ ಅರ್ಧ ಗಂಟೆ ಒತ್ತಿದ ಮೇಲೆ ಒಂದು ಗೋಲಿಯಾಕಾರ ಮೂಡಿತು. ಅಷ್ಟರಲ್ಲಿ ಕನೆಕ್ಟರಿನ ಪ್ಲಾಸ್ಟಿಕ್ ಕರಗಿ, ಅದರ ಎರಡು ಕಡ್ಡಿಗಳು ಜಗಳವಾಡಿದ ಗಂಡ ಹೆಂಡಿರಂತೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದ್ದವು. ಆದರೂ ಹೆಮ್ಮೆಯಿಂದ ತಲೆಯೆತ್ತಿದೆ. ತೋಳು ಮೇಜಿನ ಮೇಲೆ ಆರಾಮಾಗಿ ಮಲಗಿತ್ತು.

ಮರುದಿನ ಮಾನ ಬಿಟ್ಟು ದೊಡ್ಡಮ್ಮನ ಮನೆಗೆ ಓಡಿದೆ. ನೇರ ಒಳಗೆ ನುಗ್ಗಿದರೆ, “ಸಂಬಂಧ ಎಲ್ಲ ಹೊರಗೆ. ಸಾಲಲ್ಲಿ ಕೂತ್ಕೊ” ಎಂದಳು. ಕೂತೆ. ಮುಂದೆ ಬಸ್ಸಿನ ಡ್ರೈವರ್. ಹಿಂದೆ ಯಾರೋ ಬಂದು ಕೂತರು. ತಿರುಗಿ ನೋಡಿದರೆ ಮ್ಯಾನೇಜರ್! ತೊಡೆಯ ಮೇಲೆ ಟವೆಲಿನ ಗಂಟು.

“ಇನ್ನೊಂದು ಬ್ಯಾಟರಿ,” ಎಂದರು, ಮುಖ ಬೇರೆ ಕಡೆ ತಿರುಗಿಸಿ. “ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ.”

“ಗೊತ್ತು ಸಾರ್.”

“ಇಲ್ಲ ಅಂತಲೇ ಇಟ್ಕೊ.”

ನನ್ನ ಸರದಿ ಬಂತು. ಮ್ಯಾನೇಜರೂ ಹಿಂದೆಯೇ ಒಳಬಂದರು. ದೊಡ್ಡಮ್ಮ ನನ್ನ ಕೆಲಸವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ತಂತಿ ಅಲ್ಲಾಡುವ ಹಲ್ಲಿನಂತೆ ತಾನಾಗೇ ಕಳಚಿ ಬಂತು.

“ಯಾವ ಪುಣ್ಯಾತ್ಮಂದಪ್ಪ ಇದು?”

“ನಂದೇ ದೊಡ್ಡಮ್ಮ.”

“ಬೆಂಕಿಕಡ್ಡಿ ಗೀರಿ ಹಂಡೆ ನೀರು ಕಾಯ್ಸೋಕೆ ಹೋಗಿದೀಯ. ಬ್ಯಾಟರಿ ಯಾರದು?”

ನಾನು ಮ್ಯಾನೇಜರ ಕಡೆ ಕೈ ತೋರಿಸಿದೆ. “ನಮ್ಮ ಮ್ಯಾನೇಜರ್. ಸೋಮವಾರ ಸಹಿ ಹಾಕೋರು.”

ದೊಡ್ಡಮ್ಮ ಒಂದು ಕ್ಷಣ ಇಬ್ಬರನ್ನೂ ನೋಡಿದಳು. ಆಮೇಲೆ ತನ್ನ ದೊಡ್ಡ ಐರನ್ನನ್ನು ನನ್ನ ಕೈಗೆ ಕೊಟ್ಟಳು. “ಕೆಡಿಸಿದೋನು ನೀನು, ನೀನೇ ಸರಿ ಮಾಡು. ಸಾರ್, ನೀವು ಈ ಕ್ಲಿಪ್ ಹಿಡ್ಕೊಳಿ.”

ಹೊಸ ಕನೆಕ್ಟರ್ ಬಂತು. ಪ್ಲಾಸ್ಟಿಕ್ ಕರಗಿದರೂ ಕಡ್ಡಿಗಳು ಅಲುಗದ ಹಾಗೆ ಅದರ ಜೋಡಿ ಕನೆಕ್ಟರನ್ನು ಸಿಕ್ಕಿಸಿ ಮರದ ತುಂಡಿನಲ್ಲಿ ನಿಲ್ಲಿಸಿದಳು. ನಾನು ತಂತಿಗೆ ಸೀಸದ ಕಲಾಯಿ ಹಾಕಿದೆ, ಕನೆಕ್ಟರಿನ ಗುಳಿಯಲ್ಲಿ ಸೀಸ ತುಂಬಿದೆ. ಕನ್ನಡಿಯಂತೆ ಹೊಳೆಯಿತು. ತಂತಿಯನ್ನು ಇನ್ನೇನು ಗುಳಿಗೆ ಅದ್ದಬೇಕು, ಮ್ಯಾನೇಜರ್ ಮೆಲ್ಲಗೆ ಕೆಮ್ಮಿದರು.

“ತೋಳು ಹಾಕಿದ್ಯಾ?”

ಹಾಕಿರಲಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ಹಲ್ಲಿನ ಡಾಕ್ಟರು ಬಿದ್ದು ಬಿದ್ದು ನಕ್ಕರು.

ತೋಳು ತೊಡಿಸಿ, ಅದ್ದಿ, ಹತ್ತು ಎಣಿಸಿದೆ. ಇನ್ನೊಂದು ತಂತಿಗೂ ಅದೇ ಪೂಜೆ. ದೊಡ್ಡಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು. ಮ್ಯಾನೇಜರ್ ತಂತಿ ಹಿಡಿದು, ಹಲ್ಲು ಕಚ್ಚಿ, ಒಂದು ಕಾಲನ್ನು ಗೋಡೆಗೆ ಒತ್ತುಕೊಟ್ಟು ಜಗ್ಗಿದರು. ಅವರ ಚಪ್ಪಲಿ ಕಿತ್ತುಬಂತು, ತಂತಿ ಬರಲಿಲ್ಲ.

ಚಪ್ಪಲಿ ಹುಡುಕಿ ಹಾಕಿಕೊಂಡು, ನಾನು ಅಲ್ಲೇ ನಿಂತಿದ್ದೇನೆ ಎಂಬುದನ್ನೂ ಮರೆತವರಂತೆ ದೊಡ್ಡಮ್ಮನನ್ನು ಕೇಳಿದರು: “ಅಮ್ಮ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹುಡುಗನೇ ಇರಬಹುದು, ಆದ್ರೂ ನಿಜ ಹೇಳಿ. ಇವನು ಕೆಲಸಕ್ಕೆ ಆಗ್ತಾನಾ?”

ದೊಡ್ಡಮ್ಮ ಐರನ್ನಿನ ತುದಿಯನ್ನು ಒದ್ದೆ ಬಟ್ಟೆಗೆ ಒರೆಸಿದಳು. ಚುಂಯ್ ಎಂದಿತು.

“ಆಗ್ತಾನೋ ಇಲ್ವೋ ನಂಗೊತ್ತಿಲ್ಲ. ಕಾಯಂ ಮಾಡ್ಕೊಂಡ್ಬಿಡಿ. ಇಲ್ದಿದ್ರೆ ನನ್ನ ಮನೇಲಿ ಕಾಯಂ ಆಗ್ತಾನೆ.”