ಟೈಲರಮ್ಮನ ಬಿಳಿ ಫ್ರಾಕು

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯ ಟೈಲರಮ್ಮ, ಚರ್ಚಿನ ಹೊಸ ವರ್ಷದ ಆರಾಧನೆಯಲ್ಲಿ ಎತ್ತಿದ, ಬೈಬಲ್ಲಿನ ವಚನ ಬರೆದ ವಾಗ್ದಾನದ ಚೀಟಿಯನ್ನು ಪ್ರತಿವರ್ಷ ಹೊಲಿಗೆ ಮಿಷನ್ನಿಗೆ ಅಂಟಿಸುತ್ತಿದ್ದರು. ಒಂದು ಸಲ ದೇವರು ಮಕ್ಕಳನ್ನು ಕೊಡುವನೆಂಬ ವಚನ ಬಂತು. ಟಿ. ನರಸೀಪುರಕ್ಕೆ ಕೊಟ್ಟ ಮಗಳಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ಟೈಲರಮ್ಮ ಅಂದೇ ಕೂತು ಮೊಮ್ಮಗುವಿನ ದೀಕ್ಷಾಸ್ನಾನಕ್ಕೆಂದು ಅಂಗೈಯಗಲದ ಬಿಳಿ ಫ್ರಾಕು ಹೊಲಿದರು!

"ಅವಳಿನ್ನೂ ಬಸುರಿಯೇ ಅಲ್ಲವಲ್ಲ?" ಅಂದೆ.

ನೂಲಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತ, "ಮಾತು ಕೊಟ್ಟೋನು ಅವ್ನು ಕಣವ್ವ, ಬಟ್ಟೆ ಒಲಿಯೋದು ನನ್ ಕೆಲ್ಸ" ಅಂದರು. ಯಾರು ಕೇಳಿದರೂ ಇದೇ ಉತ್ತರ.

ಆ ಜೂನಿನಲ್ಲಿ, ಸ್ಕ್ಯಾನಿಂಗ್ ಮಾಡಿಸಿದ ಮಗಳು ಫೋನ್ ಮಾಡಿದಳು. ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಬೀದಿಗೆ ಓಡಿ ಬಂದು, ಹಣೆ ಚಚ್ಚಿಕೊಂಡು ನಕ್ಕರು.

"ಅವಳಿ ಕಣವ್ವೋ, ಅವಳಿ! ಅಲ್ಪವಿಸ್ವಾಸಿ ನಾನು, ಒಂದೇ ಫ್ರಾಕು ಒಲ್ದಿವ್ನಲ್ಲ!"